ಛತ್ತಿನ ಮ್ಯಾಲೆ ಬಿಸಲಿನ ಗಡಿಯಾರ ಮಾಡೂದು ಹೆಂಗ: ಒಂದು ಚೂರು ಕನ್ನಡಿ, ಎರಡು ಪಾಕೀಟು ಟಿಕಳಿ

ಮೊದ್ಲ ಒಂದ್ ಕೆಲಸ ಮಾಡ್ರಿ. ಥಂಡಿ ದಿನದಾಗ ಮುಂಜಾನಿ ಹನ್ನೊಂದರ ಸುಮಾರಿಗೆ ದಕ್ಷಿಣ ದಿಕ್ಕಿನ ಕಿಡಕಿ ಕಟ್ಟಿ ಮ್ಯಾಲೆ ಒಂದು ಸಣ್ಣ ಕನ್ನಡಿ ಅಂಗಾತ ಇಡ್ರಿ, ಬಿಸಲು ಅದರ ಮ್ಯಾಲೆ ಬೀಳಬೇಕು ಅಷ್ಟ. ಈಗ ಖೋಲಿ ಒಳಗ ಬಂದು ತಲಿ ಎತ್ತಿ ಛತ್ತು ನೋಡ್ರಿ. ಒಂದು ಬೆಳಕಿನ ಬಿಲ್ಲಿ ಕಾಣ್ತದ. ಅದರ ಸುತ್ತ ಪೆನ್ಸಿಲ್‌ಲೇ ಒಂದು ಗೆರಿ ಎಳದು, ಕೆಳಗ ಇಳದು ಒಂದು ಕಪ್ ಚಾ ಕುಡದು ಬರ್ರಿ. ಬರೂದ್ರಾಗ ಬಿಲ್ಲಿ ಗೆರಿ ದಾಟಿ ಹೋಗಿರ್ತದ, ಐದು ನಿಮಿಷಕ್ಕ ಐದಾರು ಸೆಂಟಿಮೀಟರ್. ಇದ ಗಡಿಯಾರ. ಇನ್ನ ಉಳದದ್ದು ಬರೇ ನಂಬರ್ ಹಾಕೂ ಕೆಲಸ, ಆದ್ರ ಆ ನಂಬರ್ ಹಾಕೂದ್ರಾಗ ನಾ ಒಂದು ವರ್ಷ ಕಳದೀನಿ, ಹಂಗಾಗಿ ಇಷ್ಟು ಉದ್ದ ಬರಿಯಾಕತ್ತೀನಿ.

ನನಗ ಇದರ ಹುಚ್ಚು ಹತ್ತಿದ್ದು 2019ರ ಡಿಸೆಂಬರ್ 26ರ ಗ್ರಹಣದ ದಿನ. ಹುಡುಗ್ರು ಸೂರ್ಯಾನ ನೇರ ನೋಡಬಾರದು ಅಂತ ಸಣ್ಣ ಕನ್ನಡಿಲೇ ಬಿಸಲು ಒಳಗಿನ ಗ್ವಾಡಿಗೆ ಹೊಡದಿದ್ದೆ, ಗ್ವಾಡಿ ಮ್ಯಾಲೆ ಕಡದ ಭಕ್ರಿಗತೆ ಸೂರ್ಯಾ ಕಂಡಾ, ಎಲ್ಲಾರೂ ಗ್ರಹಣ ನೋಡಿದ್ರು, ನಾ ಮಾತ್ರ ಆ ಬಿಲ್ಲಿ ಎಷ್ಟು ಲಗು ಸರೀತದ ಅನ್ನೂದು ನೋಡ್ಕೋತ ಕುಂತೆ.

ಇದು ನನ್ನ ಐಡಿಯಾ ಅಲ್ಲ ಬಿಡ್ರಿ. ಪೋಲೆಂಡಿನ ಓಲ್ಶ್ಟಿನ್ ಕೋಟ್ಯಾಗ ಕೋಪರ್ನಿಕಸ್ 1517ರಾಗ ಹಿಂಗ ಬಿಸಲನ್ನ ಪ್ರತಿಫಲನ ಮಾಡಿ ಗ್ವಾಡಿ ಮ್ಯಾಲೆ ಗೆರಿ ಎಳದಿಟ್ಟಾನ. ಫ್ರಾನ್ಸಿನ ಗ್ರೆನೋಬಲ್ ಊರಾಗ 1673ರಾಗ ಜಾನ್ ಬೊನ್ಫಾ ಅನ್ನೂ ಪಾದ್ರಿ ಒಂದು ಕಾಲೇಜಿನ ಮೆಟ್ಟಲದ ಗ್ವಾಡಿ ಛತ್ತು ಎಲ್ಲಾ ತುಂಬಿಸಿಬಿಟ್ಟಾನ. ನಮ್ಮ ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯೊಳಗ ಯಂತ್ರಾಧ್ಯಾಯ ಅಂತ ಒಂದು ಅಧ್ಯಾಯನ ಇಟ್ಟಾರ, ಶಂಕು, ಚಕ್ರ, ಫಲಕ ಅಂತೆಲ್ಲಾ ಹೇಳಿ ಕಡೀಕ ಧೀಯಂತ್ರ, ಅಂದ್ರ ಬುದ್ಧಿನ ಎಲ್ಲಾಕ್ಕಿಂತ ದೊಡ್ಡ ಯಂತ್ರ ಅಂತಾರ. ಅವರು ತಮ್ಮೂರು ಅಂತ ಹೇಳೂ ವಿಜ್ಜಡವಿಡ ನಮ್ಮ ವಿಜಯಪುರನ ಅಂತ ನಮ್ಮ ಮಂದಿ, ಅಲ್ಲ ಅದು ಮಹಾರಾಷ್ಟ್ರದ ಕಡೆ ಅಂತ ಆ ಮಂದಿ, ಆ ಜಗಳಕ್ಕ ನಾ ಹೋಗೂದಿಲ್ಲ.

ಅಂಗಳದಾಗ ಕಲ್ಲು ನಿಲ್ಲಿಸಿ ನೆಳ್ಳು ನೋಡೂ ಗಡಿಯಾರಕ್ಕ ಜಾಗಾ ಬೇಕು, ಬಾಜೂ ಮನಿಯವರ ನೆಳ್ಳು ಬೀಳಬಾರದು, ಮತ್ತ ಟೈಮ್ ನೋಡಾಕ ಬಿಸಲಾಗ ಹೊರಗ ಹೋಗ್ಬೇಕು. ಇದು ಹಂಗಲ್ಲ, ಹಾಸಿಗಿ ಮ್ಯಾಲೆ ಬಿದ್ದಕೊಂಡ ಟೈಮ್ ನೋಡಬಹುದು. ಇದಕ್ಕಿಂತ ಜಾಸ್ತಿ ಲಾಭ ನಾ ಹೇಳೂದಿಲ್ಲ.

ಈಗ ಕಿಡಕಿ ಆರಿಸೂದು. ದಕ್ಷಿಣದ್ದ ಬೇಕು. ಪೂರ್ವದ ಕಿಡಕಿ ಮುಂಜಾನಿ ಎರಡು ತಾಸು ಕೆಲಸ ಮಾಡಿ ಮಲಗ್ತದ. ದಿಕ್ಕು ನೋಡಾಕ ಮೊಬೈಲ್ ಕಂಪಾಸ್ ಹಿಡಕೊಂಡು ಗ್ರಿಲ್ ಹತ್ರ ನಿಂದ್ರಬ್ಯಾಡ್ರಿ, ಕಬ್ಬಣ ಅದನ್ನ ಎಳದು ಸುಳ್ಳು ಹೇಳಸ್ತದ. ಛಾವಣಿ ಮ್ಯಾಲೆ ಹೋಗಿ ಹಳೇ ಪದ್ಧತಿ ಮಾಡ್ರಿ: ಒಂದು ಕೋಲು ನೆಟ್ಟಗ ನಿಲ್ಲಿಸಿ ಸುತ್ತ ಚಾಕ್ಪೀಸ್‌ಲೇ ವರ್ತುಲ ಹಾಕ್ರಿ, ಮುಂಜಾನಿ ಕೋಲಿನ ನೆಳ್ಳಿನ ತುದಿ ವರ್ತುಲದ ಒಳಗ ಬರೂ ಜಾಗಾಕ್ಕ ಒಂದು ಗುರ್ತು, ಮಧ್ಯಾಹ್ನದ ಮ್ಯಾಲೆ ಹೊರಗ ಹೋಗೂ ಜಾಗಾಕ್ಕ ಒಂದು ಗುರ್ತು, ಎರಡನ್ನೂ ದಾರ ಎಳದು ಕೂಡಿಸಿದ್ರ ಅದ ಪೂರ್ವ ಪಶ್ಚಿಮ. ಶಂಕು, ಅಂದ್ರ ಇಂಥಾ ನೆಟ್ಟಗ ನಿಲ್ಲಿಸಿದ ಕೋಲು, ಅದರ ಈ ಲೆಕ್ಕ ನಮ್ಮ ದೇಶದಾಗ ಗುಡಿ ಕಟ್ಟೂವಾಗಿಂದ ನಡದ ಬಂದದ್ದು.

ಕಿಡಕಿ ಮ್ಯಾಲಿನ ಛಜ್ಜಾದ ಲೆಕ್ಕ ಮರೀಬ್ಯಾಡ್ರಿ, ಇದರಾಗ ಎಲ್ಲಾರೂ ಸಿಗಬೀಳ್ತಾರ. ನಮ್ಮ ಮನ್ಯಾಗ ಕಿಡಕಿ ನಾಕು ಫೂಟು ಎತ್ತರ, ಛಜ್ಜಾ ಎರಡು ಫೂಟು ಮುಂದ ಬಂದದ, ಕನ್ನಡಿ ಕಟ್ಟಿಯ ಹೊರಗಿನ ತುದೀಗೆ ಅದ. ಅಂದ್ರ ಸೂರ್ಯಾ 63 ಡಿಗ್ರಿಗಿಂತ ಮ್ಯಾಲೆ ಏರಿದ್ರ ಛಜ್ಜಾ ಅಡ್ಡ. ವಿಜಯಪುರ ಇರೂದು 16.8 ಡಿಗ್ರಿ ಅಕ್ಷಾಂಶದ ಮ್ಯಾಲೆ, ಡಿಸೆಂಬರ್ 21ಕ್ಕ ಮಧ್ಯಾಹ್ನ ಸೂರ್ಯಾ ಏರೂದ ಸುಮಾರು 50 ಡಿಗ್ರಿ, ಮಾರ್ಚ್ 21ಕ್ಕ 73. ಹಂಗಾಗಿ ನಡುಮಧ್ಯಾಹ್ನದ, ಅಂದ್ರ ಸೂರ್ಯಾ ಆ ದಿನ ಎಲ್ಲಾಕ್ಕಿಂತ ಎತ್ತರ ಇದ್ದಾಗಿನ ಬಿಲ್ಲಿ ನಮಗ ಸಿಗೂದು ಅಕ್ಟೋಬರ್ 19, 20ರಿಂದ ಫೆಬ್ರವರಿ 22, 23ರ ತನಕ. ಇದು ಥಂಡಿ ಕಾಲದ ಗಡಿಯಾರ ಅಂತ ತಿಳಕೋರಿ, ಬ್ಯಾಸಗೀದು ಬ್ಯಾರೆ ಹೇಳ್ತೀನಿ. ಛಜ್ಜಾ ಇಲ್ಲದ ಹಳೇ ಮನಿ ಇದ್ರ ನಿಮ್ಮ ನಸೀಬು ಛಲೋ, ಇನ್ನೂ ಜಾಸ್ತಿ ದಿನ ಸಿಗ್ತದ.

ಕನ್ನಡಿ. ದೊಡ್ಡದು ಬ್ಯಾಡ. ಸಣ್ಣ ಕನ್ನಡಿ ಪಿನ್‌ಹೋಲ್ ಕ್ಯಾಮೆರಾದಗತೆ ಕೆಲಸ ಮಾಡ್ತದ, ಛತ್ತಿನ ಮ್ಯಾಲೆ ಬೀಳೂದು ಕನ್ನಡಿ ಆಕಾರ ಅಲ್ಲ, ಸೂರ್ಯಾನ ಚಿತ್ರ. ಹಂಗಾಗಿ ಚೌಕ ಚೂರು ಇಟ್ರೂ ಬಿಲ್ಲಿ ದುಂಡಗ ಬರ್ತದ. ಸೂರ್ಯಾ ನಮಗ ಅರ್ಧ ಡಿಗ್ರಿ ಅಗಲ ಕಾಣ್ತಾನ, ಅಂದ್ರ ಕನ್ನಡಿಯಿಂದ ಛತ್ತಿಗೆ 2.8 ಮೀಟರ್ ಇದ್ರ ಬಿಲ್ಲಿ ಕಮ್ಮೀತಕಮ್ಮಿ 2.6 ಸೆಂಟಿಮೀಟರ್, ಅದಕ್ಕ ಕನ್ನಡಿ ಅಗಲ ಕೂಡಸ್ರಿ. ಐದು ಸೆಂಟಿಮೀಟರಿನ ಕನ್ನಡಿ ಇಟ್ರ ದೊಡ್ಡ ಮಬ್ಬು ಚೌಕ ಬರ್ತದ, ಅದರ ನಡುವು ಎಲ್ಲಿ ಅಂತ ಹುಡುಕ್ಕೋತ ಕುಂದ್ರಬೇಕು. ತೀರ ಎರಡು ಮಿಲಿಮೀಟರ್ ಮಾಡಿದ್ರ ಬೆಳಕ ಸಾಲೂದಿಲ್ಲ. ನನಗ ಆರು ಮಿಲಿಮೀಟರ್ ಛಲೋ ಅನಸ್ತು. ನಾ ಹಾಕಿದ್ದು ಲಂಬಾಣಿ ಹೆಣ್ಮಕ್ಕಳ ಕಸೂತ್ಯಾಗ ಹಚ್ಚತಾರಲ್ಲ, ಆ ದುಂಡು ಕನ್ನಡಿ. ನಮ್ಮ ಜಿಲ್ಲಾದಾಗ ತಾಂಡಾ ಭಾಳ, ಹಂಗಾಗಿ ಫ್ಯಾನ್ಸಿ ಅಂಗಡ್ಯಾಗ ಪಾಕೀಟಗಟ್ಟಲೆ ಸಿಗ್ತಾವ. ಅದರ ಮ್ಯಾಲೆ ಕರೀ ಇನ್ಸುಲೇಷನ್ ಟೇಪ್ ಹಚ್ಚಿ ನಡುವ ಆರು ಮಿಲಿಮೀಟರ್ ತೂತು ಬಿಟ್ರ ಆತು. ದಾಡಿ ಮಾಡ್ಕೊಳ್ಳೂ ದೊಡ್ಡದು ಕಾಣಸೂ ಕನ್ನಡಿ ಮಾತ್ರ ಎಂದೂ ಬಿಸಲಿಗೆ ಇಟ್ಟು ಹೋಗಬ್ಯಾಡ್ರಿ, ಅದು ತಗ್ಗು ಕನ್ನಡಿ, ಬಿಸಲು ಒಂದ ಕಡೆ ಕೂಡಿಸಿ ಪರದೆ ಸುಟ್ಟೀತು. ಸಪಾಟ ಕನ್ನಡಿಯೊಳಗೂ ಸೂರ್ಯಾನ ನೇರ ಇಣಕಿ ನೋಡಬಾರದು, ಹುಡುಗ್ರಿಗೆ ಇದು ಮೊದ್ಲ ಹೇಳ್ರಿ.

ಕನ್ನಡಿ ಕುಂದ್ರಸೂದು ಗೌಂಡಿ ಕೆಲಸ ಅಂತ ಹಗುರ ತಗೋಬ್ಯಾಡ್ರಿ. ಕನ್ನಡಿ ಒಂದು ಡಿಗ್ರಿ ವಾಲಿದ್ರ ಬೆಳಕು ಎರಡು ಡಿಗ್ರಿ ವಾಲ್ತದ, ಸೂರ್ಯಾ ತಾಸಿಗೆ 15 ಡಿಗ್ರಿ ಹೋಗ್ತಾನ, ಅಂದ್ರ ಆ ಒಂದು ಡಿಗ್ರಿ ಸೊಟ್ಟ ಪೂರ್ವ ಪಶ್ಚಿಮಕ್ಕ ಇದ್ರ ಎಂಟು ನಿಮಿಷ ತಪ್ಪು. ನಾ ಮೊದ್ಲ ರಸಮಟ್ಟ ತಂದೆ, ಆದ್ರ ಇಷ್ಟೇ ಇಷ್ಟು ಕನ್ನಡಿ ಮ್ಯಾಲೆ ಒಂದು ಫೂಟಿನ ರಸಮಟ್ಟ ಹೆಂಗ ಇಡ್ತೀರಿ. ಇದಕ್ಕ ಒಂದು ಚಂದ ಉಪಾಯ ಅದ. ಕನ್ನಡಿ ಬಾಜೂಕ ಒಂದು ಸಣ್ಣ ತಾಟಿನಾಗ ಅಡಿಗಿ ಎಣ್ಣಿ ಹಾಕಿ ಇಡ್ರಿ, ನೀರೂ ನಡೀತದ ಆದ್ರ ಗಾಳಿಗೆ ಭಾಳ ಅಲಗಾಡ್ತದ. ಎಣ್ಣಿ ಮೈ ತಾನ ಮಟ್ಟ ಇರ್ತದ, ಅದರಿಂದಾನೂ ಛತ್ತಿಗೆ ಒಂದು ಮಸಕ ಬೆಳಕು ಬೀಳ್ತದ. ತಾಟು ಕನ್ನಡಿಯಿಂದ ಎಷ್ಟು ಸೆಂಟಿಮೀಟರ್ ಬಾಜೂಕ ಅದನೋ ಅಷ್ಟ ಬಾಜೂಕ ಎರಡೂ ಬೆಳಕು ಇರಬೇಕು. ಹಸಿ ಎಂ-ಸೀಲ್ ಅಂಟಿನ ಮ್ಯಾಲೆ ಕನ್ನಡಿ ಇಟ್ಟು, ಕಡ್ಡಿಲೇ ಆ ಕಡೆ ಈ ಕಡೆ ಒತ್ತಿ ಬೆಳಕು ಕೂಡಿಸಿ, ಗಟ್ಟಿ ಆಗೂ ತನಕ ಯಾರಿಗೂ ಕಿಡಕಿ ಮುಟ್ಟಾಕ ಬಿಡಬ್ಯಾಡ್ರಿ.

ಖರೇ ಹೇಳ್ಬೇಕಂದ್ರ ಕನ್ನಡಿ ಮಟ್ಟ ಇರಲೇಬೇಕು ಅಂತಿಲ್ಲ, ಯಾಕಂದ್ರ ನಾವು ಗುರ್ತು ಹಾಕೂದು ವಾಚ್ ನೋಡಿನ. ಸೊಟ್ಟ ಇದ್ರೂ ಸರೀಲಾರದಂಗ ಇದ್ರ ಸಾಕು. ಆದ್ರ ನಾಳೆ ಪಾರಿವಾಳ ಬಂದು ಒದ್ದು ಹೋದ್ರ ಮತ್ತ ಅದ ಜಾಗಾಕ್ಕ ಅದ ಸೊಟ್ಟ ತರಾಕ ಆಗೂದಿಲ್ಲ, ಮಟ್ಟ ಇದ್ರ ಮತ್ತ ಎಣ್ಣಿ ತಾಟು ಇಟ್ಟು ಹತ್ತು ನಿಮಿಷಕ್ಕ ಕುಂದ್ರಸಬಹುದು. ಸೊಳ್ಳಿ ಜಾಳಗಿ ಇದ್ರ ಆ ಬಾಜೂ ಪಲ್ಲಾ ಸರಿಸಿಡ್ರಿ, ಜಾಳಗಿ ಬೆಳಕು ತಿಂತದ. ಗ್ರಿಲ್ ಸಲಾಕಿ ಅಡ್ಡ ಬಂದಾಗ ಬಿಲ್ಲಿ ಒಂದೆರಡು ನಿಮಿಷ ಮಾಯ ಆಗ್ತದ, ಅದಕ್ಕ ಏನೂ ಮಾಡಾಕ ಬರೂದಿಲ್ಲ.

ಗುರ್ತು ಹಾಕಾಕ ಹೆಣ್ಮಕ್ಕಳು ಹಚ್ಚಗೊಳ್ಳೂ ಟಿಕಳಿ ಪಾಕೀಟು ತರ್ರಿ, ಕೆಂಪು ಒಂದು, ಹಸರು ಒಂದು. ಪೇಂಟ್ ಹಚ್ಚೂಕಿಂತ ಮೊದ್ಲ ಟಿಕಳಿ ಹಚ್ಚಿ ನೋಡೂದು ಯಾವಾಗ್ಲೂ ಛಲೋ, ಕಿತ್ತು ಮತ್ತ ಹಚ್ಚಬಹುದು, ಸುಣ್ಣ ಹಾಳಾಗೂದಿಲ್ಲ. ಒಬ್ರು ನಿಚ್ಚಣಿಕಿ ಮ್ಯಾಲೆ, ಒಬ್ರು ಕೆಳಗ ಮೊಬೈಲ್ ಟೈಮ್ ನೋಡ್ಕೋತ. ಮುಂಜಾನಿ 10, 11, 12, ಆಮ್ಯಾಲೆ 1, 2, ಹಿಂಗ ಬರೋಬ್ಬರಿ ಟೈಮಿಗೆ ಬಿಲ್ಲಿ ನಡುವ ಒಂದೊಂದು ಟಿಕಳಿ. ಸೆಕೆಂಡಿನ ಚಿಂತಿ ಬ್ಯಾಡ, ಹತ್ತು ಸೆಕೆಂಡಿಗೆ ಎರಡು ಮಿಲಿಮೀಟರ್ ಸರೀತದ ಅಷ್ಟ, ನಿಮ್ಮ ಕೈನ ಅದಕ್ಕಿಂತ ಜಾಸ್ತಿ ನಡಗ್ತದ. ಪ್ರತೀ ರವಿವಾರ ಇದನ್ನ ಮಾಡ್ರಿ. ಖೋಲ್ಯಾಗ ಉತ್ತರಕ್ಕ ಮುಖ ಮಾಡಿ ನಿಂತ್ರ ಬಿಲ್ಲಿ ಎಡಕ್ಕಿಂದ ಬಲಕ್ಕ ಹೋಗ್ತದ, ಸೂರ್ಯಾ ಪೂರ್ವದಾಗ ಇದ್ದಾಗ ಬೆಳಕು ಪಶ್ಚಿಮಕ್ಕ ಬೀಳ್ತದ ಅಂತ.

ಈಗ ನನ್ನ ತಪ್ಪು ಹೇಳ್ತೀನಿ. ನಾ ದೀಪಾವಳಿ ಸೂಟ್ಯಾಗ ಸುರು ಮಾಡಿ ನವೆಂಬರ್, ಡಿಸೆಂಬರ್ ಎರಡು ತಿಂಗಳು ಪ್ರತೀ ರವಿವಾರ ಗುರ್ತು ಹಾಕಿದೆ. ಒಂದೊಂದು ತಾಸಿಂದು ಗುರ್ತು ಕೂಡಿಸಿದ್ರ ಗೆರಿ ಬಂತು, ಖುಷಿಯಾಗಿ ಟಿಕಳಿ ಕಿತ್ತು ಆಯಿಲ್ ಪೇಂಟ್‌ಲೇ ದಪ್ಪಗ ಎಳದುಬಿಟ್ಟೆ, ಬೀಗರನ್ನ ಕರದು ತೋರ್ಸಿದೆ. ಡಿಸೆಂಬರ್ 21, 22 ಆದ ಮ್ಯಾಲೆ ಬಿಲ್ಲಿ ಹೋದ ದಾರಿಲೇ ವಾಪಸ್ ಕಿಡಕಿ ಕಡೆ ಬರಬೇಕಲ್ಲ, ಬಂತು. ಆದ್ರ ಫೆಬ್ರವರಿ ಎರಡನೇ ವಾರ ನೋಡ್ತೀನಿ, ಮೊಬೈಲ್‌ದಾಗ 12:30, ಛತ್ತಿನ ಮ್ಯಾಲೆ 12. ಅರ್ಧ ತಾಸು ಹಿಂದ! ಕನ್ನಡಿ ಸರದದ ಅಂತ ಅನಕೊಂಡು ಕಿತ್ತು, ಒತ್ತಿ ಹಿಂಡಿ ಬಿಲ್ಲಿನ 12:30ರ ಜಾಗಾಕ್ಕ ತಂದು ಮತ್ತ ಎಂ-ಸೀಲ್ ಹಾಕಿದೆ. ಅಲ್ಲಿಗೆ ಎರಡು ತಿಂಗಳ ಕೆಲಸ ನಾನ ನೀರಾಗ ಹಾಕಿದೆ, ಯಾಕಂದ್ರ ಕನ್ನಡಿ ಒಂದು ಕೂದಲಿನಷ್ಟೂ ಸರದಿದ್ದಿಲ್ಲ. ಸರದದ್ದು ಸೂರ್ಯಾ.

ಹೆಂಗ ಅಂದ್ರ, ನಮ್ಮ ವಾಚು ವರ್ಷಪೂರ್ತಿ ಒಂದ ಸಮ ಓಡ್ತದ, ಸೂರ್ಯಾ ಹಂಗ ಓಡೂದಿಲ್ಲ. ಭೂಮಿ ಹೋಗೂ ದಾರಿ ಪೂರಾ ದುಂಡಗಿಲ್ಲ, ಜನವರಿ ಮೊದಲನೇ ವಾರ ಸೂರ್ಯಾಗ ಹತ್ರ ಬಂದು ಜೋರ ಓಡ್ತದ, ಜುಲೈದಾಗ ದೂರ ಹೋಗಿ ನಿಧಾನ ಆಗ್ತದ, ಅದರ ಮ್ಯಾಲೆ ಭೂಮಿ ಅಕ್ಷ 23.4 ಡಿಗ್ರಿ ಬಾಗೇದ. ಇವೆರಡೂ ಕೂಡಿ ಸೂರ್ಯಾನ ಟೈಮು ನವೆಂಬರ್ 3ರ ಸುಮಾರಿಗೆ ವಾಚಿಗಿಂತ 16 ನಿಮಿಷ ಮುಂದ, ಫೆಬ್ರವರಿ 11ರ ಸುಮಾರಿಗೆ 14 ನಿಮಿಷ ಹಿಂದ. ಎರಡೂ ಸರಿ ಇರೂ ದಿನ ವರ್ಷಕ್ಕ ನಾಕ ಅಷ್ಟ, ಏಪ್ರಿಲ್ 15, ಜೂನ್ 13, ಸಪ್ಟೆಂಬರ್ 1, ಡಿಸೆಂಬರ್ 25ರ ಆಜೂಬಾಜೂ.

ಇನ್ನ ಎರಡನೇದು, ನಮ್ಮ ವಾಚಿನ ಟೈಮು ನಮ್ಮೂರಿಂದ ಅಲ್ಲ. ಅದು 82.5 ಡಿಗ್ರಿ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಕಡೇದು. ನಾವಿರೂದು 75.7ಕ್ಕ. ಒಂದು ಡಿಗ್ರಿಗೆ ನಾಕು ನಿಮಿಷದಂಗ 27 ನಿಮಿಷ ಫರಕ. ಅಂದ್ರ ಗೋಳಗುಮ್ಮಟದ ನೆತ್ತಿ ಮ್ಯಾಲೆ ನಡುಮಧ್ಯಾಹ್ನ ಆಗೂದು ಸರಾಸರಿ 12:27ಕ್ಕ, 12ಕ್ಕ ಅಲ್ಲ. ಬಾಗಲಕೋಟಿಗೂ ಹೆಚ್ಚುಕಮ್ಮಿ ಅಷ್ಟ, ಬೆಳಗಾವಿಗೆ ಇನ್ನೂ ಐದು ನಿಮಿಷ ತಡ, 12:32. ನವೆಂಬರ್ 3ಕ್ಕ ಆ ಮುಂದಿನ 16 ಕಳದ್ರ ನಮ್ಮ ನಡುಮಧ್ಯಾಹ್ನ 12:11, ಫೆಬ್ರವರಿ 8ರ ಸುಮಾರಿಗೆ 14 ಕೂಡಿಸಿದ್ರ 12:41. ಮತ್ತ ಈ ಎರಡೂ ದಿನ ಸೂರ್ಯಾ ಆಕಾಶದಾಗ ಹೋಗೂ ಹಾದಿ ಒಂದ, ಛತ್ತಿನ ಮ್ಯಾಲಿನ ಹಾದೀನೂ ಒಂದ. ಒಂದ ಹಾದ್ಯಾಗ ಅರ್ಧ ತಾಸಿನ ಫರಕ, ಅಂದ್ರ ನಮ್ಮ ಛತ್ತಿನ ಮ್ಯಾಲೆ ಒಂದು ಫೂಟಿಗಿಂತ ಜಾಸ್ತಿ. ನಾ ಬೈದದ್ದು ಮಾತ್ರ ಎಂ-ಸೀಲಿಗೆ.

ಹಂಗಾಗಿ ಎರಡು ಬಣ್ಣದ ಟಿಕಳಿ. ಅಕ್ಟೋಬರ್‌ದಿಂದ ಡಿಸೆಂಬರ್ 21ರ ತನಕ ಕೆಂಪು, ಡಿಸೆಂಬರ್ 22ರಿಂದ ಫೆಬ್ರವರಿ ತನಕ ಹಸರು, ಒಂದೊಂದು ತಾಸಿಗೂ ಎರಡೆರಡು ಸಾಲು. ಬಿಲ್ಲಿ ಕಿಡಕಿಯಿಂದ ದೂರ ಹೊಂಟದ ಅಂದ್ರ ಕೆಂಪು ನೋಡ್ರಿ, ಹತ್ರ ಬರಾಕತ್ತದ ಅಂದ್ರ ಹಸರು. ಕೆಂಪು ಹಸರು ಎರಡೂ ಕೂಡಿದ್ರ ಉದ್ದನ ಇಂಗ್ಲಿಷ್ 8ರ ಆಕಾರದ ಕೆಳಗಿನ ಒಂದು ಭಾಗ ಬರ್ತದ, ನೋಡಾಕ ಭಾಳ ಚಂದ. ಡಿಸೆಂಬರ್ ಕಡೀ ವಾರ ಜನವರಿ ಮೊದಲ ಎರಡು ವಾರ ಮಾತ್ರ ರವಿವಾರದ ತನಕ ಕಾಯಬ್ಯಾಡ್ರಿ, ಆವಾಗ ದಿನಕ್ಕ ಅರ್ಧ ನಿಮಿಷದಂಗ ಫರಕ ಬೀಳ್ತದ, ಮೂರು ದಿನಕ್ಕೊಮ್ಮೆ ಗುರ್ತು ಹಾಕ್ರಿ. ಇಷ್ಟೆಲ್ಲಾ ತ್ರಾಸ ಬ್ಯಾಡ ಅನ್ನವರು ಸೂರ್ಯಾನ ಟೈಮಿನ ಒಂದ ಗೆರಿ ಎಳದು, ಕಿಡಕಿ ಬಾಜೂಕ ಇಂಥಾ ತಿಂಗಳು ಇಷ್ಟು ಕೂಡಸ್ರಿ ಅಂತ ಚೀಟಿ ಅಂಟಸ್ತಾರ. ನನಗ ಅದು ಸೇರೂದಿಲ್ಲ. ಗಡಿಯಾರ ನೋಡಿ ಲೆಕ್ಕ ಮಾಡೂದಿದ್ರ ಗಡಿಯಾರ ಯಾಕ ಬೇಕು.

ಪೇಂಟ್ ಹಚ್ಚೂಕಿಂತ ಮೊದ್ಲ ನಿಮ್ಮ ಖೋಲಿಗೆ ಇದು ಹಿಡೀತದೋ ಇಲ್ಲೋ ನೋಡಾಕ ಅಳತಿ ಹೇಳ್ತೀನಿ. ಕನ್ನಡಿಯಿಂದ ಛತ್ತಿಗೆ ನೆಟ್ಟಗ 7 ಫೂಟು ಎತ್ತರ ಅಂತ ಹಿಡೀರಿ. ಡಿಸೆಂಬರ್ 21ಕ್ಕ ನಡುಮಧ್ಯಾಹ್ನ ಬಿಲ್ಲಿ ಕನ್ನಡಿಯಿಂದ ಸುಮಾರು 6 ಫೂಟು ಒಳಗ ಬೀಳ್ತದ, ನವೆಂಬರ್ 3ಕ್ಕ 4 ಫೂಟು 4 ಇಂಚು. ನಡುಮಧ್ಯಾಹ್ನದ ಗೆರಿಯಿಂದ ಬಾಜೂಕ ಒಂದು ತಾಸಿಗೆ ಎರಡೂ ಕಾಲು ಫೂಟು, ಎರಡು ತಾಸಿಗೆ 5 ಫೂಟು, ಮೂರು ತಾಸಿಗೆ 9 ಫೂಟು, ಇದೂ ಡಿಸೆಂಬರ್ ಲೆಕ್ಕ. ಹಂಗಾಗಿ 12 ಫೂಟು ಅಗಲದ ಖೋಲಿ, ಕಿಡಕಿ ನಟ್ಟನಡುವ ಇದ್ರ ಮುಂಜಾನಿ 10ರಿಂದ ಮಧ್ಯಾಹ್ನ ಎರಡೂ ಮುಕ್ಕಾಲಿನ ತನಕ ಬಿಲ್ಲಿ ಛತ್ತಿನ ಮ್ಯಾಲೆ ಇರ್ತದ, ಆಮ್ಯಾಲೆ ಗ್ವಾಡಿ ಇಳೀತದ. ಗ್ವಾಡಿ ಮ್ಯಾಲೂ ಗುರ್ತು ಹಾಕಬಹುದು, ಆದ್ರ ಕ್ಯಾಲೆಂಡರ್, ಫೋಟೋ, ಟ್ಯೂಬ್‌ಲೈಟ್ ನಡುವ ಬಂದು ಜಗಳ. ಎತ್ತರ 6 ಫೂಟು ಇದ್ರ ಎಲ್ಲಾ ಅಳತಿ ಏಳರಾಗ ಆರು ಪಾಲು ಮಾಡ್ಕೋರಿ. ಫ್ಯಾನ್ ಪಂಖಾ ಅಡ್ಡ ಬರ್ತದೋ ನೋಡ್ಕೋರಿ, ನಮ್ಮಲ್ಲಿ 12:30ಕ್ಕ ಸರಿಯಾಗಿ ಪಂಖಾದ ಮ್ಯಾಲೆ ಕುಂದರ್ತದ, ಪಂಖಾ ತಿರಗಾಕತ್ತಿದ್ರ ಬಿಲ್ಲಿ ಲಕಲಕ ಅಂತದ.

ಇದು ಕ್ಯಾಲೆಂಡರ್‌ನೂ ಹೌದು, ಅದು ನಾ ಅಂದಕೊಂಡಿದ್ದಿಲ್ಲ. ಬಿಲ್ಲಿ ಒಳಗ ಹೋಗೂದು ನಿಂತು ತಿರಗೂದು ಡಿಸೆಂಬರ್ 21, 22ಕ್ಕ, ಸಂಕ್ರಾಂತಿಗೆ ಅಲ್ಲ. ಸಿದ್ಧೇಶ್ವರ ಜಾತ್ರಿ ಗದ್ದಲದಾಗ ಕುಸುರೆಳ್ಳು ಕೊಡೂ ಹೊತ್ತಿಗೆ ಬಿಲ್ಲಿ ಆಗಲೇ ಐದು ಇಂಚು ಕಿಡಕಿ ಕಡೆ ಬಂದಿರ್ತದ. ಉತ್ತರಾಯಣ ಎಂದು ಸುರು ಅಂತ ಯಾರಾದ್ರೂ ವಾದ ಮಾಡಿದ್ರ ಕರದು ಛತ್ತು ತೋರಸ್ರಿ.

ಬ್ಯಾಸಗೀದು ಹೇಳ್ತೀನಿ ಅಂದಿದ್ದೆ. ಮೇ ಮೊದಲ ವಾರದ ಕಡೀಕ ಸೂರ್ಯಾ ನಮ್ಮ ನೆತ್ತಿ ಮ್ಯಾಲೆ ಬರ್ತಾನ, ಆ ದಿನ ನೆಟ್ಟಗ ನಿಂತ ಕಂಬದ ನೆಳ್ಳು ಕಂಬದ ಕಾಲಾಗ ಅಡಗ್ತದ. ಅಲ್ಲಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನ ಸೂರ್ಯಾ ನಮಗ ಉತ್ತರಕ್ಕ ಇರ್ತಾನ. ದಕ್ಷಿಣ ಕಿಡಕಿ ಕನ್ನಡಿಗೆ ಆವಾಗ ರಜಾ. ಉತ್ತರ ಕಿಡಕಿಗೆ ಕನ್ನಡಿ ಇಡೂಣು ಅಂದ್ರ ಜೂನ್ 21ಕ್ಕೂ ಸೂರ್ಯಾ 83 ಡಿಗ್ರಿ ಮ್ಯಾಲೆ, ಛಜ್ಜಾ ಬಿಡೂದಿಲ್ಲ. ಇಲ್ಲಿ ನಮ್ಮ ಹಳೇ ಮಾಳಿಗಿ ಮನಿ ಕೆಲಸಕ್ಕ ಬರ್ತದ, ಅದರ ಬೆಳಕಿಂಡಿ. ಬೆಳಕಿಂಡಿ ಮ್ಯಾಲೆ ಒಂದು ತಗಡು ಮುಚ್ಚಿ ನಡುವ ಆರು ಮಿಲಿಮೀಟರ್ ತೂತು ಹೊಡೀರಿ, ಬಿಲ್ಲಿ ಸೀದಾ ನೆಲಕ್ಕ ಬೀಳ್ತದ, ಕನ್ನಡೀನೂ ಬ್ಯಾಡ. ತೂತಿನಿಂದ ತೂಗುಗುಂಡು ಇಳಿಬಿಟ್ಟು ಅದರ ಕೆಳಗ ಒಂದು ಗುರ್ತು ಹಾಕ್ರಿ. 10 ಫೂಟು ಎತ್ತರ ಇದ್ರ ನೆತ್ತಿ ಮ್ಯಾಲೆ ಸೂರ್ಯಾ ಬರೂ ದಿನ ನಡುಮಧ್ಯಾಹ್ನ ಬಿಲ್ಲಿ ಸರಿಯಾಗಿ ಆ ಗುರ್ತಿನ ಮ್ಯಾಲೆ, ಜೂನ್ 21ಕ್ಕ ಅದರಿಂದ 14 ಇಂಚು ದಕ್ಷಿಣಕ್ಕ. ಮಣ್ಣಿನ ಮಾಳಿಗಿ ದಪ್ಪ ಇರೂದ್ರಿಂದ ಥಂಡ್ಯಾಗ ಓರೆ ಬಿಸಲು ಬೆಳಕಿಂಡಿ ಒಳಗ ಇಳಿಯೂದಿಲ್ಲ, ಅಂದ್ರ ಕನ್ನಡಿ ಮಲಗಿದಾಗ ಬೆಳಕಿಂಡಿ ಏಳ್ತದ. ಮಳಿಗಾಲ ಬಂತಂದ್ರ ತಗಡಿನ ತೂತಿಗೆ ಒಂದು ಚೂರು ಗಾಜು ಹಚ್ಚರಿ, ಇಲ್ಲಾಂದ್ರ ಮನ್ಯಾಗ ಬೈತಾರ.

ಕನ್ನಡಿ ವಾರಕ್ಕೊಮ್ಮೆ ಒಣ ಬ್ರಷ್‌ಲೇ ಝಾಡಸ್ರಿ, ನಮ್ಮೂರ ಧೂಳು ಗೊತ್ತಲ್ಲ. ಬಟ್ಟಿಲೇ ಒತ್ತಿ ತಿಕ್ಕಬ್ಯಾಡ್ರಿ.

ಕಡೀಕ ಒಂದು ಆಟ. ಬ್ಯಾಸಗಿ ಹುಣ್ಣಿವಿ ಚಂದಪ್ಪ ಥಂಡಿ ಕಾಲದ ಸೂರ್ಯಾ ಹೋಗೂ ಹಾದಿ ಹತ್ರಾನ ಹೋಗ್ತಾನ, ಛಜ್ಜಾ ಕೆಳಗಿಂದ ಒಳಗ ಇಣಕ್ತಾನ. ಕರೆಂಟ್ ಹೋಗೇದ, ಸೆಕಿಗೆ ನಿದ್ದಿ ಬರವಲ್ದು ಅಂತಿದ್ರ ಆ ಸಣ್ಣ ಕನ್ನಡಿ ಬಾಜೂಕ ಅಂಗೈ ಅಗಲದ ಕನ್ನಡಿ ಇಡ್ರಿ, ಸಣ್ಣದು ಆ ಬೆಳಕಿಗೆ ಸಾಲೂದಿಲ್ಲ. ಕತ್ತಲಿಗೆ ಕಣ್ಣು ಹೊಂದಿದ ಮ್ಯಾಲೆ ಛತ್ತಿನಾಗ ಮಸಕ ಬೆಳಕು ಕಾಣ್ತದ. ಹುಣ್ಣಿವಿ ದಿನ ಅದು ನಡುಮಧ್ಯಾಹ್ನದ ಗೆರಿ ಹತ್ರ ಬಂತಂದ್ರ ನಡುರಾತ್ರಿ ಆಗೇದ ಅಂತ, ಮೊಬೈಲ್‌ದಾಗ ಸುಮಾರು ಹನ್ನೆರಡೂವರಿ. ಮರುದಿನ ಅದ ಗೆರಿಗೆ ಬರಾಕ ಮುಕ್ಕಾಲು ತಾಸಿಗಿಂತ ಚೂರು ಜಾಸ್ತಿ ತಡ ಮಾಡ್ತದ, ಅದರ ಮರುದಿನ ಇನ್ನೂ ಅಷ್ಟ. ಅದಕ್ಕ ಟಿಕಳಿ ಹಚ್ಚಾಕ ನಾ ಇನ್ನೂ ನಿಚ್ಚಣಿಕಿ ಹತ್ತಿಲ್ಲ, ರಾತ್ರಿ ಮನ್ಯಾಗ ಬಿಡವಲ್ರು.